ರಾಕೆಟ್ ಹಾರಿತೆಂದು ಬಾಕಿ ಹಣ ಕೊಟ್ಟುಬಿಡಬೇಕೆ?

ಸಿದ್ದಾಪುರ ಕಡೆಯ ಕೇಬಲ್ ಆಪರೇಟರ್ ಒಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಂಗ್ರಹಿಸಿ ಕೊಡುತ್ತಿದ್ದೇನೆ:

"ಹದಿನೆಂಟು ವರ್ಷದಿಂದ ಕೇಬಲ್ ನಡೆಸುತ್ತಿದ್ದೇನೆ. ಪೇಟೆಯಲ್ಲಿ ಫೈಬರ್ ಇಂಟರ್ನೆಟ್ಟೂ ಕೊಡುತ್ತೇನೆ. ಘಟ್ಟದಂಚಿನ ನಾಲ್ಕೈದು ಹಳ್ಳಿಗಳಿಗೆ ಮಾತ್ರ ಫೈಬರ್ ಒಯ್ಯಲು ಆಗಿಲ್ಲ. ಒಯ್ದರೂ ಮಳೆಗಾಲದಲ್ಲಿ ಮರ ಬಿದ್ದು ಹರಿಯುತ್ತದೆ. ಈಗ ಒಂದು ಕಂಪನಿಯವರು, ಇನ್ನೂ ಹಾರಬೇಕಾದ ಹೊಸ ಉಪಗ್ರಹದಲ್ಲಿ ಕೆಎ ಬ್ಯಾಂಡ್ (ಉಪಗ್ರಹಗಳು ಬಳಸುವ ಒಂದು ರೇಡಿಯೋ ತರಂಗಪಟ್ಟಿ) ಇಂಟರ್ನೆಟ್ ಕೊಡುತ್ತೇವೆ, ಹತ್ತು ಟರ್ಮಿನಲ್ (ಡಿಶ್, ಮೋಡೆಮ್ ಇರುವ ಸಾಧನ) ಸೇರಿ ಹತ್ತು ಲಕ್ಷ, ಈಗಲೇ ನಾಲ್ಕು ಲಕ್ಷ ಮುಂಗಡ ಕೊಡಿ ಎನ್ನುತ್ತಿದ್ದಾರೆ. 'ಉಡಾವಣೆ ಯಶಸ್ವಿಯಾದ ಏಳು ದಿನದೊಳಗೆ ಬಾಕಿ ಆರು ಲಕ್ಷ ಪಾವತಿಸತಕ್ಕದ್ದು' ಎಂದು ಕರಾರಿನಲ್ಲಿದೆ. ರಾಕೆಟ್ ಹಾರಿದರೆ ಮುಗೀತು, ಮಾರನೇ ದಿನದಿಂದಲೇ ಸಿಗ್ನಲ್ ಬರುತ್ತೆ, ಧೈರ್ಯವಾಗಿ ಕೊಡು ಅಂತಾರೆ ನಮ್ಮ ಭಾವ. ರಾಕೆಟ್ ಸುಟ್ಟುಹೋದರೆ ನನ್ನ ದುಡ್ಡಿನ ಗತಿ ಏನು? ವಿಮೆ ಇದೆ ಎನ್ನುತ್ತಾರೆ, ನಿಜವೇ? ನಮ್ಮದೇ ಇಸ್ರೋ ಇರುವಾಗ ಅಮೆರಿಕದ ರಾಕೆಟ್ ಯಾಕೆ? ನಮ್ಮ ಮಳೆಗೆ ಇದು ತಡೆದೀತೆ? ಪಿಯುಸಿ ಓದುವ ಮಗಳೂ ಒಂದು ಕೇಳಿದ್ದಾಳೆ: ಅಷ್ಟೆತ್ತರದಲ್ಲಿ ಅದು ನಿಂತಲ್ಲೇ ನಿಂತಿರಲು ಎಂಜಿನ್ ಓಡುತ್ತಲೇ ಇರಬೇಕಾ?"

ಪ್ರಶ್ನೆ ಹಲವಾದರೂ ಆತಂಕ ಒಂದೇ. ಇನ್ನೂ ನೆಲದ ಮೇಲಿರುವ ವಸ್ತುವನ್ನು ನಂಬಿ ಗಂಟು ಬಿಚ್ಚುವುದೋ ಬೇಡವೋ. ನಾನು ಮೂವತ್ತು ವರ್ಷ ಉಪಗ್ರಹ ನಿಯಂತ್ರಣದ ಕೆಲಸದಲ್ಲಿದ್ದವನು. ರಾಕೆಟ್ಟಿನವರು ಕೈಬಿಟ್ಟದ್ದನ್ನು ಕೈಚಾಚಿ ಹಿಡಿದುಕೊಳ್ಳುವುದು ನಮ್ಮ ಪಾಲಿನ ಕೆಲಸವಾಗಿತ್ತು. ಹಾಗಾಗಿ ನಿಮ್ಮ ಪತ್ರ ಓದುವಾಗ ಕಣ್ಣು ಸಿಕ್ಕಿಬಿದ್ದದ್ದು 'ಏಳು ದಿನ' ಎಂಬಲ್ಲಿ. ಮುಂಗಡ ಕೊಡುವುದಕ್ಕೆ ನನ್ನ ತಕರಾರಿಲ್ಲ, ಆ ಏಳು ದಿನಕ್ಕಿದೆ.

ನಿಮ್ಮ ಕಡೆ ಬಸ್ಸು ಕ್ರಾಸ್‌ನಲ್ಲಿ ಇಳಿಸಿ ಹೋಗುತ್ತದಲ್ಲ, ಅಲ್ಲಿಂದ ಮನೆಗೆ ಗಂಟು ಹೊತ್ತು ನಡೆಯಬೇಕು. ಉಪಗ್ರಹದ ಕಥೆಯೂ ಅದೇ. ಅದರ ಮನೆ ಭೂಮಧ್ಯರೇಖೆಯ ನೇರಕ್ಕೆ 35,786 ಕಿ.ಮೀ. ಎತ್ತರದಲ್ಲಿ. ರಾಕೆಟ್ ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಉದ್ದನೆಯ ಮೊಟ್ಟೆಯಾಕಾರದ ದಾರಿಯೊಂದಕ್ಕೆ ಹಾಕಿ ತಿರುಗಿಕೊಳ್ಳುತ್ತದೆ. ಆ ದಾರಿಯ ಒಂದು ತುದಿ ಭೂಮಿಯಿಂದ ಬರೀ ಇನ್ನೂರು, ಮುನ್ನೂರು ಕಿ.ಮೀ. ದೂರ, ಇನ್ನೊಂದು ತುದಿ 36 ಸಾವಿರದ ಆಸುಪಾಸು. ಇದಕ್ಕೆ ವರ್ಗಾವಣೆ ಕಕ್ಷೆ ಎಂದು ಹೆಸರು. ಒಂದು ಸುತ್ತಿಗೆ ಹತ್ತೂವರೆ ತಾಸು. ಮುಂದಿನದೆಲ್ಲ ಉಪಗ್ರಹದ ಸ್ವಂತ ನಡಿಗೆ: ಮೇಲಿನ ತುದಿಗೆ ಬಂದಾಗ ತನ್ನ ಎಂಜಿನ್ ಉರಿಸಿ, ಮೊಟ್ಟೆಯನ್ನು ದುಂಡಗೆ ಮಾಡಿಕೊಂಡು, ದಾರಿಯ ಓರೆಯನ್ನೂ ತಿದ್ದಿಕೊಳ್ಳಬೇಕು. ಇಸ್ರೋ ಉಪಗ್ರಹಗಳಲ್ಲಿ ಈ ಎಂಜಿನ್ನಿನ ಬಲ 440 ನ್ಯೂಟನ್. ನಮ್ಮ ಲೆಕ್ಕಕ್ಕೆ ತಂದರೆ 45 ಕಿಲೋ ಎತ್ತುವ ಶಕ್ತಿ, ಒಂದು ಅಕ್ಕಿ ಮೂಟೆಯಷ್ಟು. ಮೂರು ನಾಲ್ಕು ಟನ್ನಿನ ಯಂತ್ರವನ್ನು ಇಷ್ಟೇ ಬಲದಲ್ಲಿ ತಳ್ಳಬೇಕು. ಅದಕ್ಕೇ ಒಂದೊಂದು ಸಲಕ್ಕೆ ಮುಕ್ಕಾಲು ತಾಸು, ಒಂದೂವರೆ ತಾಸು ಉರಿಸುವುದು. ಹೊರಡುವಾಗಿನ ತೂಕದಲ್ಲಿ ಸುಮಾರು ಅರ್ಧ ಇಂಧನವೇ ಇರುತ್ತದೆ, ಅದರ ದೊಡ್ಡ ಪಾಲು ಈ ನಡಿಗೆಗೇ ಮುಗಿಯುತ್ತದೆ.

ಇತ್ತೀಚಿನ ಜಿಸ್ಯಾಟ್-ಎನ್2 ನೋಡಿ. 2024ರ ನವೆಂಬರ್ 19, ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ದಾಟಿ ಒಂದು ನಿಮಿಷ. ಬೆಂಗಳೂರಿನಲ್ಲಿ ಕಟ್ಟಿದ 4,700 ಕಿಲೋ ಉಪಗ್ರಹ, ಅಮೆರಿಕದ ಕೇಪ್ ಕೆನವೆರಲ್‌ನಿಂದ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ಮೇಲೇರಿ ಹೊರಟಿತು. ಸುಮಾರು ಅರ್ಧ ತಾಸಿಗೆ ರಾಕೆಟ್ಟಿನಿಂದ ಬೇರ್ಪಟ್ಟಿತು, ಹಾಸನದ ನಿಯಂತ್ರಣ ಕೇಂದ್ರ ಅದನ್ನು ವಶಕ್ಕೆ ತೆಗೆದುಕೊಂಡಿತು. ಟಿವಿ ನೋಡುತ್ತಿದ್ದವರು ಚಪ್ಪಾಳೆ ತಟ್ಟಿ ಮಲಗಿದರು. ನಿಮ್ಮ ಕರಾರಿನ ಏಳು ದಿನ ಶುರುವಾಗುವುದು ಇಂಥ ಗಳಿಗೆಯಿಂದ.

ನಿಯಂತ್ರಣ ಕೊಠಡಿಯಲ್ಲಿ ಆಗ ಚಪ್ಪಾಳೆ ಇರುವುದಿಲ್ಲ, ಇದ್ದರೂ ಅರೆಮನಸ್ಸಿನದು. ಮೊದಲ ಟೆಲಿಮೆಟ್ರಿ, ಅಂದರೆ ಉಪಗ್ರಹ ತನ್ನ ಸ್ಥಿತಿ ತಿಳಿಸಿ ಕಳಿಸುವ ಅಂಕಿಗಳು, ಬರುವವರೆಗೆ ಪರದೆ ಖಾಲಿ. ಬಂದ ಮೇಲೆ ಸೌರಫಲಕ ಬಿಚ್ಚುವ ಸರದಿ. ಮಡಚಿಟ್ಟ ಫಲಕವನ್ನು ಕಟ್ಟಿಹಾಕಿದ ಹಗ್ಗ ತುಂಡಾಗಬೇಕು, ಸ್ಪ್ರಿಂಗು ತೆರೆಯಬೇಕು, ಕೀಲು ಕಚ್ಚಿಕೊಳ್ಳಬೇಕು. ಇದ್ಯಾವುದೂ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಪರದೆಯ ಮೂಲೆಯಲ್ಲಿನ ಒಂದು ಅಂಕಿ, ಫಲಕದ ಕರೆಂಟು ಎಷ್ಟು ಆಂಪಿಯರ್ ಎಂಬುದು. ಅದು ಜಿಗಿದರೆ ಬಿಚ್ಚಿತೆಂದು ಅರ್ಥ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಆ ಅಂಕಿ ಜಿಗಿಯುವವರೆಗೆ ಕಾಫಿ ಲೋಟ ಕೈಯಲ್ಲಿ ಹಿಡಿದೇ ನಿಂತಿರುತ್ತಿದ್ದರು, ಕುಡಿಯುತ್ತಿರಲಿಲ್ಲ. ಅಂಕಿ ಜಿಗಿದ ಮೇಲೆ ಆರಿದ ಕಾಫಿಯನ್ನೇ ಒಂದೇ ಗುಟುಕಿಗೆ ಕುಡಿದು ಮುಂದಿನ ಕೆಲಸಕ್ಕೆ ಕೂರುತ್ತಿದ್ದರು.

ಎಲ್ಲ ಸಲವೂ ಅದು ಜಿಗಿಯುವುದಿಲ್ಲ. 1981ರ ಜೂನ್ 19ರಂದು ಏರಿಯೇನ್ ಮೇಲೆ ಹೋದ ನಮ್ಮ ಮೊದಲ ಸಂಪರ್ಕ ಉಪಗ್ರಹ ಆ್ಯಪಲ್‌ನ ಒಂದು ಫಲಕ ಬಿಚ್ಚಲೇ ಇಲ್ಲ. ಆದರೂ ನಮ್ಮವರು ಅದನ್ನು ಎರಡು ವರ್ಷಕ್ಕೂ ಮೇಲೆ ದುಡಿಸಿದರು. (ಎತ್ತಿನಗಾಡಿಯ ಮೇಲೆ ಉಪಗ್ರಹ ಇರುವ ಫೋಟೋ ನೋಡಿರುತ್ತೀರಿ, ಅದು ಇದೇ. ಲಾರಿಗೆ ಗತಿಯಿಲ್ಲದೆ ಗಾಡಿ ಹೂಡಿದರು ಎಂದು ಈಗಲೂ ಹಂಚಿಕೊಳ್ಳುತ್ತಾರೆ. ಆಂಟೆನಾ ಪರೀಕ್ಷೆಗೆ ಲೋಹದ ಅಡ್ಡಿಯಿಲ್ಲದ ಅಡಿಪಾಯ ಬೇಕಿತ್ತು, ಮರದ ಗಾಡಿ ಒದಗಿತು.)

ಮರುವರ್ಷದ ಇನ್ಸಾಟ್-1ಎ ಅಷ್ಟು ಅದೃಷ್ಟವಂತನಲ್ಲ. 1982ರ ಏಪ್ರಿಲ್ 10ರಂದು ಅಮೆರಿಕದ ಡೆಲ್ಟಾ ರಾಕೆಟ್ ಅದನ್ನು ತಪ್ಪಿಲ್ಲದೆ ಬಿಟ್ಟಿತು, ಉಡಾವಣೆ ಯಶಸ್ವಿ. ತೊಂದರೆಗಳೆಲ್ಲ ಆಮೇಲಿನವು. ಸೆಪ್ಟೆಂಬರಿನಲ್ಲಿ ಇಂಧನವೆಲ್ಲ ತೀರಿ ಅದನ್ನು ಕೈಬಿಡಬೇಕಾಯಿತು. ಜಿಸ್ಯಾಟ್-6ಎ ನಿಮಗೂ ನೆನಪಿರಬಹುದು. 2018ರ ಮಾರ್ಚ್ 29ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ಹಾರಿತು, ಯಶಸ್ವಿ. 30ರಂದು ಮೊದಲ ಬಾರಿ ಎಂಜಿನ್ ಉರಿಸಿದ್ದು ಸರಿಯಾಯಿತು, 31ರಂದು ಎರಡನೆಯದೂ ಸರಿಯಾಯಿತು, ಅದಾದ ಮೇಲೆ ಸಂಪರ್ಕ ಕಡಿಯಿತು. ಮತ್ತೆ ಮಾತಾಡಲಿಲ್ಲ. ನಿಮ್ಮ ಕರಾರಿನ ಪ್ರಕಾರ ಇವೆರಡರಲ್ಲೂ ನೀವು ಆರು ಲಕ್ಷ ಕೊಡಬೇಕಿತ್ತು.

ರಾಕೆಟ್ ಬಲಶಾಲಿಯಾದರೆ ಈ ಭಯವಿಲ್ಲ ಎನ್ನುವವರಿದ್ದಾರೆ. 2023ರ ವಯಾಸ್ಯಾಟ್-3 ಅವರಿಗೆ ಉತ್ತರ. ಫಾಲ್ಕನ್ ಹೆವಿ ಅದನ್ನು ಕ್ರಾಸ್‌ನಲ್ಲಿ ಇಳಿಸದೆ ಹೆಚ್ಚುಕಡಿಮೆ ಮನೆ ಬಾಗಿಲಿಗೇ ಬಿಟ್ಟಿತ್ತು. ಬಾಗಿಲಲ್ಲಿ ನಿಂತು ಕೊಡೆ ಬಿಚ್ಚಲು ಹೋದರೆ ಕೊಡೆ ಬಿಚ್ಚಲಿಲ್ಲ. ದೊಡ್ಡ ಆಂಟೆನಾ ಸರಿಯಾಗಿ ತೆರೆಯದೆ, ಲೆಕ್ಕ ಹಾಕಿದ್ದ ಸಾಮರ್ಥ್ಯದ ಶೇ. 10ಕ್ಕಿಂತ ಕಡಿಮೆ ದಕ್ಕಿತು. ಏಪ್ರಿಲ್ ಕೊನೆಗೆ ಹಾರಿದ್ದರ ಈ ಸುದ್ದಿ ಹೊರಗೆ ಬಂದದ್ದು ಜುಲೈನಲ್ಲಿ.

ಆದ್ದರಿಂದ ನಿಮ್ಮ ಭಾವನವರಿಗೆ ಹೇಳಿ, ಮಾರನೇ ದಿನ ಸಿಗ್ನಲ್ ಬರುವುದಿಲ್ಲ. ರಾಸಾಯನಿಕ ಎಂಜಿನ್ನಿನ ಉಪಗ್ರಹ ಮನೆ ಸೇರಲು ಒಂದೆರಡು ವಾರ, ಆಮೇಲೆ ಆಂಟೆನಾ ತೆರೆದು, ಒಂದೊಂದು ಟ್ರಾನ್ಸ್‌ಪಾಂಡರನ್ನೂ (ಸಿಗ್ನಲ್ ಪಡೆದು ಮರಳಿ ಕಳಿಸುವ ಘಟಕ) ಭೂಮಿಯಿಂದ ಅಳೆದು ನೋಡಲು ಇನ್ನೂ ಕೆಲವು ವಾರ. ವಿದ್ಯುತ್ ಎಂಜಿನ್ನಿನದಾದರೆ ಇಂಧನ ಉಳಿಯುತ್ತದೆ, ತಿಂಗಳುಗಳು ಹೋಗುತ್ತವೆ. ಪೂರ್ತಿ ವಿದ್ಯುತ್ತಿನಿಂದಲೇ ನಡೆದ ಮೊದಲ ಜೋಡಿಯಲ್ಲಿ ಒಂದಾದ ಎಬಿಎಸ್-3ಎ 2015ರ ಮಾರ್ಚ್ ಮೊದಲಿಗೆ ಹಾರಿ, ಸೇವೆಗೆ ಬಂದದ್ದು ಆಗಸ್ಟ್ ಕೊನೆಗೆ. ನಿಮಗೆ ಮಾರುತ್ತಿರುವುದು ಯಾವ ಬಗೆಯದು ಎಂದು ಮೊದಲು ಕೇಳಿ. ಉತ್ತರ ಹೇಳಲು ತಡವರಿಸಿದರೆ ಆ ಮಾರಾಟಗಾರನಿಗೆ ತಾನು ಮಾರುವ ಸರಕೇ ಗೊತ್ತಿಲ್ಲ.

ಈಗ ವಿಮೆ. ಇದೆ ಎನ್ನುವುದು ನಿಜವೇ ಇರಬಹುದು. ಆದರೆ ಅದು ಉಪಗ್ರಹದ ಯಜಮಾನನದು, ನಿಮ್ಮದಲ್ಲ. ರಾಕೆಟ್ ಕಂಪನಿ ನಷ್ಟ ಕಟ್ಟಿಕೊಡುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಈ ವ್ಯವಹಾರದಲ್ಲಿ ನಿನ್ನ ನಷ್ಟ ನಿನಗೆ, ನನ್ನ ನಷ್ಟ ನನಗೆ ಎಂದು ಎರಡೂ ಕಡೆಯವರು ಮೊದಲೇ ಬರೆದುಕೊಂಡಿರುತ್ತಾರೆ. ಉಡಾವಣಾ ವಿಮೆ ಸಾಮಾನ್ಯವಾಗಿ ರಾಕೆಟ್ ಹೊರಡಲು ಕಿಡಿ ಹೊತ್ತಿದಲ್ಲಿಂದ ಜಾರಿ. ಇಸ್ರೇಲಿನ ಅಮೋಸ್-6 ಸಿಕ್ಕಿಬಿದ್ದದ್ದು ಇಲ್ಲೇ. 2016ರ ಸೆಪ್ಟೆಂಬರ್ 1, ಹಾರಲು ಎರಡು ದಿನ ಬಾಕಿ. ಎಂಜಿನ್ ಪರೀಕ್ಷೆಗೆಂದು ಫಾಲ್ಕನ್-9ಕ್ಕೆ ಇಂಧನ ತುಂಬುತ್ತಿದ್ದಾಗ ಸ್ಫೋಟ. ಸಮಯ ಉಳಿಸಲೆಂದು ಉಪಗ್ರಹವನ್ನೂ ಆಗಲೇ ಮೇಲೆ ಕೂರಿಸಿದ್ದರು. ಉಡಾವಣಾ ವಿಮೆ ಇನ್ನೂ ಶುರುವಾಗಿರಲಿಲ್ಲ, ನಷ್ಟ ಬೇರೆಯದೇ ಒಂದು ಸರಕು ವಿಮೆಯ ತಲೆಗೆ ಹೋಯಿತು. ಆಫ್ರಿಕಾದಲ್ಲಿ ಇಂಟರ್ನೆಟ್ ಕೊಡಲೆಂದು ಅದರ ಕೆಎ ಬ್ಯಾಂಡನ್ನು ಮೊದಲೇ ಕಾಯ್ದಿರಿಸಿದ್ದವರು ಯಾರು ಗೊತ್ತೇ? ಫೇಸ್‌ಬುಕ್ ಮತ್ತು ಯುಟೆಲ್‌ಸ್ಯಾಟ್. ನಿಮ್ಮದೇ ಸಾಲಿನ ಗಿರಾಕಿಗಳು, ಗಂಟು ಮಾತ್ರ ದೊಡ್ಡದು. ಅವರಿಗೆ ವಕೀಲರ ಪಡೆ ಇರುತ್ತದೆ, ನಿಮಗೆ ಕರಾರಿನಲ್ಲಿ ಬರೆದದ್ದಷ್ಟೇ ಆಸರೆ. ಬದಲಿ ಉಪಗ್ರಹ ಕಟ್ಟಿ ಹಾರಿಸಲು ಎರಡು ಮೂರು ವರ್ಷ ಬೇಕೆಂಬುದೂ ತಲೆಯಲ್ಲಿರಲಿ.

ಇಸ್ರೋ ಯಾಕಲ್ಲ ಎಂಬ ಪ್ರಶ್ನೆಯನ್ನು ಮದುವೆ ಮನೆಯಲ್ಲೂ ನನಗೆ ಕೇಳುತ್ತಾರೆ. ಉತ್ತರ ತಕ್ಕಡಿಯಲ್ಲಿದೆ. ನಮ್ಮ ಎಲ್‌ವಿಎಂ-3 ರಾಕೆಟ್ ವರ್ಗಾವಣೆ ಕಕ್ಷೆಗೆ ಒಯ್ಯುವುದು ಸುಮಾರು 4 ಟನ್. ಜಿಸ್ಯಾಟ್-ಎನ್2 ಅದಕ್ಕಿಂತ 700 ಕಿಲೋ ಭಾರ. ಹಾಗಾದರೆ 2025ರ ನವೆಂಬರ್ 2ರಂದು 4,410 ಕಿಲೋದ ಸಿಎಂಎಸ್-03 ಅದೇ ರಾಕೆಟ್ಟಿನಲ್ಲಿ ಹೋದದ್ದು ಹೇಗೆ? ಕ್ರಾಸ್‌ಗಿಂತ ಒಂದು ಸ್ಟಾಪ್ ಹಿಂದೆಯೇ ಇಳಿಸಿತು. ಮೇಲಿನ ತುದಿ 36 ಸಾವಿರ ಕಿ.ಮೀ.ಗೆ ಬದಲು ಸುಮಾರು 30 ಸಾವಿರ. ಉಳಿದ ದೂರಕ್ಕೆ ಉಪಗ್ರಹ ತನ್ನ ಇಂಧನವನ್ನೇ ಹೆಚ್ಚಾಗಿ ಸುಡಬೇಕು. ನೌಕಾಪಡೆಗೆಂದು ಕಟ್ಟಿದ ಉಪಗ್ರಹಕ್ಕೆ ನಮ್ಮ ನೆಲದಿಂದಲೇ ಹೋಗುವುದು ಮುಖ್ಯವಾದೀತು. ಹದಿನಾಲ್ಕು ವರ್ಷ ಬಾಡಿಗೆ ಎಣಿಸಬೇಕಾದ ವಾಣಿಜ್ಯ ಉಪಗ್ರಹಕ್ಕೆ ಇಂಧನವೇ ಆಯುಷ್ಯ, ಆಯುಷ್ಯವೇ ಆದಾಯ. ಬೇರೆಯವರ ರಾಕೆಟ್ಟಿಗೆ ದುಡ್ಡು ಕೊಡುವುದೇ ಅಲ್ಲಿ ಅಗ್ಗ. ಇದರಲ್ಲಿ ಅವಮಾನದ ಮಾತೇನಿಲ್ಲ. 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಉಪಗ್ರಹ ಇಂಟರ್ನೆಟ್ ಕಂಪನಿಯಾದ ಒನ್‌ವೆಬ್‌ನ 72 ಉಪಗ್ರಹಗಳನ್ನು ಎರಡು ಕಂತಿನಲ್ಲಿ ನಮ್ಮದೇ ಎಲ್‌ವಿಎಂ-3 ಒಯ್ದಿತ್ತು, ಬಾಡಿಗೆಗೆ.

ಮಳೆಯ ವಿಷಯ ನಿಮ್ಮ ಊರಿನವರಿಗೆ ನಾನು ಹೇಳಬೇಕೆ? ಆದರೂ ಒಂದು ತಪ್ಪು ಎಣಿಕೆಯನ್ನು ಬಿಡಿಸಬೇಕು. ನಾಲ್ಕು ತಿಂಗಳು ಮಳೆ ಹೊಯ್ಯುತ್ತದೆ, ಆದ್ದರಿಂದ ನಾಲ್ಕು ತಿಂಗಳೂ ಇಂಟರ್ನೆಟ್ ಬಂದ್ ಎಂದು ಎಣಿಸಬೇಡಿ. ಸಿಗ್ನಲ್ಲನ್ನು ಕೊಲ್ಲುವುದು ಒಟ್ಟು ಮಳೆಯಲ್ಲ, ಆ ಕ್ಷಣದ ಬಿರುಸು ಮತ್ತು ಹನಿಯ ಗಾತ್ರ. ಕೆಎ ಬ್ಯಾಂಡಿನ ಅಲೆ ಒಂದು, ಒಂದೂವರೆ ಸೆಂಟಿಮೀಟರ್ ಉದ್ದ. ದಪ್ಪ ಹನಿಗಳಿಗೆ ಅದು ಸುಲಭದ ತುತ್ತು. ಚಾನೆಲ್‌ಗಳನ್ನು ಹಿಡಿದು ಹಂಚುವ ನಿಮ್ಮ ಹೆಡ್‌ಎಂಡ್‌ನ ಸಿ ಬ್ಯಾಂಡ್ ಅಲೆ ಏಳು ಸೆಂಟಿಮೀಟರಿನಷ್ಟಿರುತ್ತದೆ, ಅದಕ್ಕೇ ಆ ಹಳೆಯ ದೊಡ್ಡ ಡಿಶ್ಶು ಎಂಥ ಮಳೆಗೂ ಜಗ್ಗುವುದಿಲ್ಲ. ದಿನಗಟ್ಟಲೆ ಹಿಡಿಯುವ ಆಷಾಢದ ಜಡಿಮಳೆಯಲ್ಲಿ ಕೆಎ ಬ್ಯಾಂಡ್ ವೇಗ ಇಳಿಸಿಕೊಂಡು ಕುಂಟುತ್ತಾ ನಡೆಯುತ್ತದೆ. ಪೂರ್ತಿ ಮಲಗುವುದು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮತ್ತು ಮಳೆಗಾಲದ ನಡುವೆ ಆಗಾಗ ರಪ್ಪೆಂದು ಸುರಿಯುವ ಹೊಡೆತಕ್ಕೆ, ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ತಾಸು. ನಿಮ್ಮಲ್ಲಿ ಬಿಸಿಲಿದ್ದೂ ಕಂಪನಿಯ ಹಬ್ (ಉಪಗ್ರಹವನ್ನು ಇಂಟರ್ನೆಟ್ಟಿಗೆ ಜೋಡಿಸುವ ಭೂಕೇಂದ್ರ) ಇರುವ ಊರಿನಲ್ಲಿ ಸುರಿದರೆ ಸಂಪರ್ಕ ಹೋದೀತು. ಬದಲಿ ಹಬ್ ಬೇರೆ ಊರಲ್ಲಿದೆಯೇ ಕೇಳಿ. ಒಂದು ಸಮಾಧಾನ: ನಮ್ಮ ಅಕ್ಷಾಂಶದಲ್ಲಿ ಡಿಶ್ ಹೆಚ್ಚುಕಡಿಮೆ ನೆತ್ತಿಯ ಕಡೆಗೇ ನೋಡುತ್ತದೆ, ತೋಟದ ಅಡಿಕೆ ಮರಗಳ ಕಾಟ ಕಮ್ಮಿ. ಇನ್ನೊಂದು, ನಿಮ್ಮ ಕಡೆ ಮಳೆಗಿಂತ ಮೊದಲು ಹೋಗುವುದು ಕರೆಂಟು. ಟರ್ಮಿನಲ್‌ಗಿಂತ ಬ್ಯಾಟರಿಗೆ ಹೆಚ್ಚು ಖರ್ಚಾಗಬಹುದು, ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಮುಂದೇನು ಮಾಡಬಹುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಗುಡ್ಡ ಹತ್ತುತ್ತಿದ್ದೆ. ಪೇಟೆಯ ಟವರಿನಿಂದ ಆ ಹಳ್ಳಿಗಳ ಯಾವುದಾದರೂ ದಿಬ್ಬ ಕಣ್ಣಿಗೆ ನೇರ ಕಾಣುತ್ತದೆಯೇ ನೋಡುತ್ತಿದ್ದೆ. ಕಂಡರೆ ರೇಡಿಯೋ ಲಿಂಕ್ ಹಾಕಿ, ಅಲ್ಲಿಂದ ಮನೆಮನೆಗೆ ವೈರ್ ಎಳೆಯಬಹುದು. ಖರ್ಚು ಉಪಗ್ರಹದ ಹತ್ತಿರಕ್ಕೂ ಬರುವುದಿಲ್ಲ. ಸಿಡಿಲಿಗೆ ಉಪಕರಣ ಸುಡುವ ಅಪಾಯ ಇದ್ದೇ ಇದೆ, ಅರ್ತಿಂಗಿನಲ್ಲಿ ಜಿಪುಣತನ ಬೇಡ. ಐದು ಹಳ್ಳಿಗಳಲ್ಲಿ ಮೂರು ಹೀಗೆ ಮುಗಿದರೆ ಉಪಗ್ರಹ ಬೇಕಾಗುವುದು ಎರಡಕ್ಕೇ.

ಆ ಎರಡಕ್ಕೆ, ಈಗಾಗಲೇ ಮೇಲಿದ್ದು ದುಡಿಯುತ್ತಿರುವ ಉಪಗ್ರಹದಲ್ಲಿ ಸಂಪರ್ಕ ಸಿಗುತ್ತದೆಯೇ ವಿಚಾರಿಸಿ. ದರ ಹೆಚ್ಚಿರುತ್ತದೆ. ಆದರೆ ಒಂದು ಟರ್ಮಿನಲ್ ತಂದು ಒಂದು ಮಳೆಗಾಲ ಇಟ್ಟು ನೋಡಬಹುದು, ಆಗದಿದ್ದರೆ ವಾಪಸ್ ಕಳಿಸಬಹುದು. ಹಾರದ ಉಪಗ್ರಹವನ್ನು ಹೀಗೆ ಪರೀಕ್ಷಿಸಲಾಗದು. ಕೆಳಗಿನ ಕಕ್ಷೆಯ ಸೇವೆಗಳೂ ಇವೆ. ಒನ್‌ವೆಬ್ 1,200 ಕಿ.ಮೀ. ಎತ್ತರದ್ದು, ಇನ್ನೂ ಕೆಳಗೆ ಸುತ್ತುವ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆ 2025ರ ಜೂನ್‌ನಲ್ಲಿ ಪರವಾನಗಿ ಕೊಟ್ಟಿದೆ. ಇವುಗಳಲ್ಲಿ ಮಾತು ಹೋಗಿ ಬರುವ ವಿಳಂಬ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಕಕ್ಷೆಯದಾದರೆ ಕೇಳಿದ್ದಕ್ಕೆ ಉತ್ತರ ಬರಲು ಅರ್ಧ ಸೆಕೆಂಡಿಗೂ ಮೇಲೆ ಬೇಕು. ಆನ್‌ಲೈನ್ ಪಾಠಕ್ಕೆ ಸಾಕು, ಹುಡುಗರ ಗೇಮಿಗೆ ಸಾಲದು. ಸ್ಟಾರ್‌ಲಿಂಕ್ ಬೇರೆ ದೇಶಗಳಲ್ಲಿ ನೇರ ಮನೆಗೇ ಮಾರುವ ಕಂಪನಿ. ನಿಮ್ಮ ಗಿರಾಕಿಗೆ ನಿಮ್ಮ ಹಂಗೇ ಇಲ್ಲದಂತಾಗುವ ಅಪಾಯವನ್ನೂ ಯೋಚಿಸಿ.

ಇಷ್ಟಾದ ಮೇಲೂ ಹೊಸ ಉಪಗ್ರಹವೇ ಬೇಕೆನಿಸಿದರೆ ಬೇಡ ಎನ್ನುವುದಿಲ್ಲ. ಹೊಸ ಕೆಎ ಬ್ಯಾಂಡ್ ಉಪಗ್ರಹಗಳು ದೇಶವನ್ನು ಸಣ್ಣ ಸಣ್ಣ ಕಿರಣಗಳಾಗಿ ಹಂಚಿಕೊಳ್ಳುತ್ತವೆ. ಜಿಸ್ಯಾಟ್-ಎನ್2ರಲ್ಲಿ ಅಂಥ 32 ಇವೆ, ಒಟ್ಟು 48 ಜಿಬಿಪಿಎಸ್. ಹಾಗಾಗಿ ದರ ಇಳಿಯುವುದು ಸಹಜ. ಆದರೆ ಹತ್ತು ಟರ್ಮಿನಲ್ ಬೇಡ, ಎರಡು ಸಾಕು. ಮುಂಗಡ ಒಂದು ಲಕ್ಷದೊಳಗಿರಲಿ, ವಾಪಸಾಗುವಂಥದ್ದಿರಲಿ. ಬಾಕಿ ಹಣ ಕೊಡುವುದು 'ಉಡಾವಣೆ ಯಶಸ್ವಿಯಾದಾಗ' ಅಲ್ಲ, 'ಕಕ್ಷೆಯಲ್ಲಿನ ಪರೀಕ್ಷೆಗಳು ಮುಗಿದು, ಗಿರಾಕಿಯ ಜಾಗದಲ್ಲಿ ಒಪ್ಪಿದ ವೇಗ ಹದಿನೈದು ದಿನ ಸತತ ಸಿಕ್ಕ ಮೇಲೆ' ಎಂದು ತಿದ್ದಿಸಿ. ಒಂದು ಕೊನೆಯ ತಾರೀಕನ್ನೂ ಬರೆಸಿ, ಅಷ್ಟರೊಳಗೆ ಸೇವೆ ಶುರುವಾಗದಿದ್ದರೆ ಮುಂಗಡ ಬಡ್ಡಿ ಸಮೇತ ಹಿಂದಕ್ಕೆ. ಉಡಾವಣೆಯ ತಾರೀಕು ಮುಂದೆ ಹೋಗುವುದು ಈ ಕಸುಬಿನಲ್ಲಿ ಮಾಮೂಲು. ಜಿಸ್ಯಾಟ್-11 ಹಾರಲೆಂದು ಫ್ರೆಂಚ್ ಗಯಾನಾದವರೆಗೆ ಹೋಗಿ, 6ಎ ಕಳೆದುಹೋದ ಬಳಿಕ ಇನ್ನೊಮ್ಮೆ ತಪಾಸಣೆಗೆಂದು ಬೆಂಗಳೂರಿಗೆ ವಾಪಸ್ ಬಂದು, ಹಾರಿದ್ದು 2018ರ ಡಿಸೆಂಬರಿಗೆ. 'ಬದಲಿ ಉಪಗ್ರಹದಿಂದ ಸೇವೆ ಕೊಡುತ್ತೇವೆ' ಎಂಬ ಸಾಲಿದ್ದರೆ ಆಗ ಡಿಶ್, ಮೋಡೆಮ್ ಬದಲಿಸುವ ಖರ್ಚು ಯಾರದು ಎಂದೂ ಬರೆಸಬೇಕು. ಕೆಎ ಬ್ಯಾಂಡಿನ ಸಾಮಾನು ಇನ್ನೊಂದು ತರಂಗಪಟ್ಟಿಯಾದ ಕೆಯು ಬ್ಯಾಂಡಿಗೆ ಆಗಿಬರುವುದಿಲ್ಲ. ಮಾರುವವರ ಬಳಿ ದೂರಸಂಪರ್ಕ ಇಲಾಖೆಯ ಪರವಾನಗಿ ಇದೆಯೇ, ಅದರಡಿ ನೀವು ಫ್ರಾಂಚೈಸಿಯಾಗಿ ನಡೆಸಬಹುದೇ ಎಂಬುದರ ಪ್ರತಿ ಕೇಳಿ ಪಡೆಯಿರಿ. ಇಷ್ಟಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ. 'ಈಗಲೇ ಬುಕ್ ಮಾಡಿದರೆ ಕಮ್ಮಿ' ಎನ್ನುವ ದರ ಉಪಗ್ರಹ ಮೇಲೆ ಹೋದ ಮೇಲೂ ಸಿಗುತ್ತದೆ. ಮಾರಾಟವಾಗದ ಬ್ಯಾಂಡ್‌ವಿಡ್ತನ್ನು ಅವರು ಗೋದಾಮಿನಲ್ಲಿ ಇಡಲಾಗುವುದಿಲ್ಲ.

ಇನ್ನು ಮಗಳ ಪ್ರಶ್ನೆ. ಉಪಗ್ರಹ ನಿಂತಿಲ್ಲಮ್ಮ, ತಾಸಿಗೆ 11 ಸಾವಿರ ಕಿ.ಮೀ. ವೇಗದಲ್ಲಿ ಓಡುತ್ತಿದೆ. ಆ ಎತ್ತರದಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತೂ, ಭೂಮಿ ತನ್ನ ಸುತ್ತ ಒಮ್ಮೆ ತಿರುಗುವ ಹೊತ್ತೂ ಒಂದೇ. ಕೆಳಗಿರುವ ನಾವೂ ಜೊತೆಗೇ ತಿರುಗುತ್ತಿರುವುದರಿಂದ ನಿಂತಂತೆ ಕಾಣುತ್ತದೆ. ಓಡಲು ಎಂಜಿನ್ ಬೇಡ. ಚಂದ್ರ, ಸೂರ್ಯರ ಎಳೆತಕ್ಕೆ ಜಾಗ ತಪ್ಪುವುದನ್ನು ಆಗಾಗ ಸರಿಪಡಿಸಲು ಮಾತ್ರ ಸಣ್ಣ ಥ್ರಸ್ಟರುಗಳನ್ನು ಉರಿಸುತ್ತಾರೆ. ಆ ಇಂಧನ ತೀರುವ ಹೊತ್ತಿಗೆ ಯಂತ್ರ ಚೆನ್ನಾಗಿದ್ದರೂ ನಿವೃತ್ತಿ. ಉಳಿದ ಕೊನೆಯ ಹನಿಯಲ್ಲಿ ಅದನ್ನು ಇನ್ನೂ ಮುನ್ನೂರು ಕಿ.ಮೀ. ಮೇಲಕ್ಕೆ ತಳ್ಳಿ ದಾರಿ ತೆರವು ಮಾಡುತ್ತಾರೆ.

ಅದು ಎಲ್ಲಿದೆ ಎಂದು ಕಣ್ಣಾರೆ ತಿಳಿಯಬೇಕಾದರೆ ಮಾರ್ಚ್ ನಡುವಿನವರೆಗೆ ಕಾಯಿ. ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್ ಕೊನೆಗೆ, ಕೆಲವು ದಿನ ಹಗಲಲ್ಲಿ ಅಪ್ಪನ ಕೇಬಲ್ ಚಾನೆಲ್‌ಗಳು ಕೆಲ ನಿಮಿಷ ಕೆಟ್ಟು ಗಿರಾಕಿಗಳ ಫೋನು ಬರುತ್ತದೆ. ಆಗ ಮಹಡಿ ಹತ್ತಿ ಹಳೆಯ ದೊಡ್ಡ ಡಿಶ್ಶನ್ನು ನೋಡು, ಸೂರ್ಯನನ್ನು ನೋಡಬೇಡ. ಮಧ್ಯದ ಕಡ್ಡಿಯ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಫೀಡಿನ ನೆರಳು ಡಿಶ್ಶಿನ ಸರಿಯಾಗಿ ನಡುವಿಗೆ ಬಿದ್ದಿರುತ್ತದೆ. ಆ ಗಳಿಗೆಯಲ್ಲಿ ಸೂರ್ಯ, ಉಪಗ್ರಹ, ನಿಮ್ಮ ಮನೆಯ ಮಹಡಿ ಮೂರೂ ಒಂದೇ ಗೆರೆಯಲ್ಲಿವೆ.